ಬಿಳಿಯ ರಾಜನ ಎಂಟು ಹೆಜ್ಜೆಗಳು

ಚದುರಂಗದ ಶ್ರೇಷ್ಠ ಆಟವೊಂದನ್ನು ಗೆದ್ದವನ ಹೆಸರಿನಲ್ಲಿ ನೆನೆಯುವುದು ವಾಡಿಕೆ. ತಾಲ್ ಆಡಿದ ಆಟ, ಕಾಸ್ಪರೋವ್ ಆಡಿದ ಆಟ, ಆನಂದ್ ಆಡಿದ ಆಟ ಎನ್ನುತ್ತೇವೆ. ಆದರೆ ನಡೆಗಳ ದಾಖಲೆಯನ್ನು ಗ್ರಂಥವನ್ನು ಓದುವಂತೆ ಓದಹೊರಟವನಿಗೆ ಮೊದಲು ಕಾಣುವ ಸಂಗತಿಯೆಂದರೆ, ಅದರ ಅರ್ಧದಷ್ಟು ಸಾಲುಗಳು ಸೋತವನು ಬರೆದವು ಎಂಬುದು. ಕಾವ್ಯಕ್ಕೆ ಕವಿ ಒಬ್ಬ. ಆಟಕ್ಕೆ ಕರ್ತೃಗಳು ಇಬ್ಬರು, ಅದೂ ಒಬ್ಬರ ಬರಹವನ್ನು ಇನ್ನೊಬ್ಬರು ಕೆಡಿಸಲು ಪಣತೊಟ್ಟವರು. ಹೀಗಿರುವಾಗ ಆಕ್ರಮಣದ ಆಟವೊಂದನ್ನು ಸುಂದರವೆಂದು ಕೊಂಡಾಡಿದರೆ ಆ ಸೌಂದರ್ಯ ಯಾರಿಗೆ ಸೇರಬೇಕು? 2008ರ ಅಕ್ಟೋಬರ್ ತಿಂಗಳಲ್ಲಿ ಗಿರಿನಗರದ ಉದ್ಯಾನವನವೊಂದರಲ್ಲಿ ಕೆಲವು ಸಂಜೆ ನಡೆದ ವಾಗ್ವಾದವು ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿತು. ಅದು ಇನ್ನೂ ಇಳಿದಿಲ್ಲ.

ಪಂದ್ಯದ ಹಿನ್ನೆಲೆಯನ್ನು ಮೊದಲು ಹೇಳಬೇಕು. 2007ರಲ್ಲಿ ಮೆಕ್ಸಿಕೋ ನಗರದಲ್ಲಿ ಎಂಟು ಆಟಗಾರರ ಪಂದ್ಯಾವಳಿಯನ್ನು ಗೆದ್ದು ವಿಶ್ವನಾಥನ್ ಆನಂದ್ ವಿಶ್ವ ಚಾಂಪಿಯನ್ ಆಗಿದ್ದರು. ಎಂಟು ಜನರ ನಡುವೆ ಗೆಲ್ಲುವುದು ಬೇರೆ, ಒಬ್ಬನೇ ಎದುರಾಳಿಯ ಮುಂದೆ ದಿನಗಟ್ಟಲೆ ಕುಳಿತು ಗೆಲ್ಲುವುದು ಬೇರೆ ಎಂಬ ಗೊಣಗಾಟ ಚದುರಂಗದ ಲೋಕದಲ್ಲಿ ಆಗ ಇತ್ತು. ಎದುರಾಳಿಯಾದರೋ 2000ದಲ್ಲಿ ಕಾಸ್ಪರೋವ್ ಅವರನ್ನೇ ಅಂಥ ಪಂದ್ಯದಲ್ಲಿ ಮಣಿಸಿದ್ದ ವ್ಲಾದಿಮಿರ್ ಕ್ರಾಮ್ನಿಕ್. ಕೋಟೆ ಕಟ್ಟುವುದರಲ್ಲಿ ಎತ್ತಿದ ಕೈ. ಜರ್ಮನಿಯ ಬಾನ್ ನಗರದಲ್ಲಿ 12 ಆಟಗಳ ಪಂದ್ಯ ಅಕ್ಟೋಬರ್ 14ರಂದು ಮೊದಲಾಯಿತು. ಆಡಿದ ಜಾಗ ಒಂದು ಕಲಾಪ್ರದರ್ಶನ ಭವನ ಎಂಬುದು ನನಗೆ ಆಗಲೂ ಈಗಲೂ ಹಿತವಾದ ಸಂಗತಿ. ಮೊದಲ ಎರಡು ಆಟಗಳು ಸಮವಾದವು. ಮೂರನೆಯದು 17ನೆಯ ತಾರೀಖು, ಶುಕ್ರವಾರ. ಬಿಳಿಯ ಕಾಯಿ ಕ್ರಾಮ್ನಿಕ್ ಅವರದು, ಕಪ್ಪು ಆನಂದರದು.

ಸೀತಾ ಸರ್ಕಲ್ಲಿನಿಂದ ಸ್ವಲ್ಪ ಒಳಗೆ ನಡೆದರೆ ಸಿಗುವ ಆ ಉದ್ಯಾನವನದಲ್ಲಿ ಸಂಜೆ ಸೇರುತ್ತಿದ್ದ ನಮ್ಮದು ಐದಾರು ಮಂದಿಯ ಗುಂಪು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಕತ್ರಿಗುಪ್ಪೆಯಿಂದ ಬರುತ್ತಿದ್ದ ತರುಣ ಎಂಜಿನಿಯರ್ ಒಬ್ಬ, ಔಷಧದ ಅಂಗಡಿಯವರು, ಹಳಗನ್ನಡ ಓದಿಕೊಂಡ ನಾನು. ಇವರೆಲ್ಲರಿಗಿಂತ ಹಿರಿಯರಾಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರು. ಗ್ಲಾಕೋಮದಿಂದ ಮೇಷ್ಟ್ರ ದೃಷ್ಟಿ ಆ ವೇಳೆಗೆ ಬಹುಮಟ್ಟಿಗೆ ಹೋಗಿತ್ತು. ಹಲಗೆ ಕಾಣುತ್ತಿರಲಿಲ್ಲ, ಪತ್ರಿಕೆ ಕಾಣುತ್ತಿರಲಿಲ್ಲ. ಆದರೆ ಯಾರಾದರೂ ನಡೆಗಳನ್ನು ಓದಿ ಹೇಳಿದರೆ ಅರವತ್ತನಾಲ್ಕು ಮನೆಗಳೂ ಅವರ ಮನಸ್ಸಿನಲ್ಲಿ ತೆರೆದುಕೊಳ್ಳುತ್ತಿದ್ದವು. ಶನಿವಾರ ಸಂಜೆ ಬ್ಯಾಂಕಿನವರು ಹಿಂದಿನ ದಿನದ ಆಟವನ್ನು ಅಂತರಜಾಲದಿಂದ ಅಚ್ಚುಹಾಕಿಸಿ ತಂದರು. ಓದುವ ಕೆಲಸ ನನ್ನ ಪಾಲಿಗೆ ಬಂತು. “ಪಂಡಿತರೇ, ಕನ್ನಡದಲ್ಲೇ ಓದಿ. ಇಂಗ್ಲಿಷ್ ಅಕ್ಷರ ಕಿವಿಗೆ ಬಿದ್ದರೆ ನನಗೆ ಕಾಯಿ ಕಾಣೋದಿಲ್ಲ” ಎಂದರು ಮೇಷ್ಟ್ರು.

ಕನ್ನಡದಲ್ಲಿ ಓದುವುದೆಂದರೆ ಹೆಸರುಗಳ ಪ್ರಶ್ನೆ ಏಳುತ್ತದೆ. ನಮ್ಮ ಮನೆಗಳಲ್ಲಿ ಮೂಲೆಯಲ್ಲಿ ನಿಲ್ಲುವುದು ಆನೆ, ಅದರ ಪಕ್ಕ ಕುದುರೆ, ಅದರ ಪಕ್ಕ ಒಂಟೆ, ನಡುವೆ ರಾಜ ಮತ್ತು ಮಂತ್ರಿ, ಮುಂದೆ ಕಾಲಾಳುಗಳು. ಚತುರಂಗಬಲದ ನಾಲ್ಕು ಅಂಗಗಳಾದ ಆನೆ, ಕುದುರೆ, ರಥ, ಪದಾತಿಗಳಲ್ಲಿ ಒಂಟೆಗೆ ಜಾಗವಿಲ್ಲ. ರಥ ನಿಲ್ಲಬೇಕಾದ ಕಡೆ ಮರುಭೂಮಿಯ ಪ್ರಾಣಿಯೊಂದು ಬಂದು ನಿಂತಿದೆ. ಮಂತ್ರಿಯ ಕಥೆ ಇನ್ನೂ ಸ್ವಾರಸ್ಯಕರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿ ಅದರಲ್ಲಿ ಚದುರಂಗಕ್ಕೂ ಎಡೆಗೊಟ್ಟನಷ್ಟೆ. ಆ ಹಳೆಯ ಆಟದ ಮಂತ್ರಿ ಮೂಲೆಗೆ ಒಂದೇ ಮನೆ ಸರಿಯುವ ದುರ್ಬಲ ಕಾಯಿ. ಮಂತ್ರಿಗೂ ಒಂಟೆಗೂ ಹಲಗೆಯ ಈ ತುದಿಯಿಂದ ಆ ತುದಿಗೆ ಓಡುವ ಶಕ್ತಿ ಬಂದದ್ದು 15ನೆಯ ಶತಮಾನದ ಕೊನೆಯ ಯುರೋಪಿನಲ್ಲಿ. ಹೆಸರು ನಮ್ಮದು, ಓಟ ಅವರದು. ಬಾನ್ ನಗರದಲ್ಲಿ ಆನಂದರು ಮಾಡಿದ ಆಕ್ರಮಣವು ಸೋಮೇಶ್ವರನ ಹಲಗೆಯ ಮೇಲೆ ಸಾಧ್ಯವೇ ಇರಲಿಲ್ಲ. ಏಕೆಂದರೆ ಅದು ಮುಖ್ಯವಾಗಿ ಒಂದು ಒಂಟೆಯ ಓಟ. (ಗ್ರಂಥಾಲಯದ ಸೂಚಿಯಲ್ಲಿ ‘ಚದುರಂಗ’ ಎಂದು ಹುಡುಕುವ ವಿದ್ಯಾರ್ಥಿಗೆ ಆಟಕ್ಕಿಂತ ಮೊದಲು ‘ವೈಶಾಖ’ದ ಕಾದಂಬರಿಕಾರರು ಸಿಗುತ್ತಾರೆ. ಅದೂ ಲಾಭವೇ.)

ಆಟ ಮೆರಾನ್ ಎಂಬ ಪದ್ಧತಿಯಲ್ಲಿ ಸಾಗಿತು. 1924ರಲ್ಲಿ ಆ ಹೆಸರಿನ ಊರಿನಲ್ಲಿ ರುಬಿನ್‌ಸ್ಟೈನ್ ಆಡಿದ ಆಟದಿಂದ ಪ್ರಸಿದ್ಧವಾದ, ಪುಸ್ತಕಗಳು ಸವೆಯುವಷ್ಟು ಚರ್ಚೆಯಾದ ದಾರಿಯದು. ಹದಿನಾಲ್ಕನೆಯ ನಡೆಯಲ್ಲಿ ಆನಂದರು ಎಡಬದಿಯ ಒಂಟೆಯನ್ನು, ಅಂದರೆ ಬಿಳಿಯ ಮನೆಗಳ ಮೇಲೆ ಓಡಾಡುವ ಒಂಟೆಯನ್ನು, ಒಂದೇ ಮನೆ ಮುಂದಿಟ್ಟರು. ಬಿ7 ಎಂಬ ಮನೆ. ರೂಢಿಯಲ್ಲಿದ್ದ ನಡೆ ಅದರ ಪಕ್ಕದ ಇನ್ನೊಂದು ಮನೆಗೆ. ಕೇವಲ ಒಂದು ಮನೆಯ ವ್ಯತ್ಯಾಸ. ಆದರೆ ಆ ಮನೆಯಿಂದ ಒಂಟೆಯ ದೃಷ್ಟಿ ಬಿಳಿಯ ರಾಜನ ಬಾಗಿಲಿನವರೆಗೆ ನೇರವಾಗಿ ಹಾಯುತ್ತದೆ.

ಇಪ್ಪತ್ತನಾಲ್ಕನೆಯ ನಡೆ ಮುಗಿದಾಗ ಲೆಕ್ಕ ಹಾಕಿದರೆ ಬಿಳಿಯ ಕಡೆ ಎರಡು ಕಾಲಾಳುಗಳು ಹೆಚ್ಚು. ಅದರಲ್ಲೂ ಎಡಬದಿಯಲ್ಲಿ ಜೊತೆಜೊತೆಯಾಗಿ ನಿಂತ ಎರಡು ಕಾಲಾಳುಗಳಿಗೆ ಎದುರಿನಲ್ಲಿ ತಡೆಯುವವರಿಲ್ಲ. ಓಡಿ ಕೊನೆಯ ಮನೆ ಮುಟ್ಟಿದರೆ ಮಂತ್ರಿಯಾಗುತ್ತವೆ. ಕಪ್ಪಿಗಿದ್ದ ಆಸರೆ ಒಂದೇ: ಬಿಳಿಯ ರಾಜನ ಮುಂದಿನ ಗೋಡೆ ಒಡೆದಿತ್ತು. ಆಗ ಆನಂದರು ತಮ್ಮ ರಾಜನನ್ನೇ ಮುಂದಕ್ಕೆ, ಎಚ್6 ಎಂಬ ಬಯಲಿಗೆ ತಂದು ನಿಲ್ಲಿಸಿದರು. ಆನೆಗೆ ದಾರಿ ಬಿಡುವುದಕ್ಕಾಗಿ ಅರಸನೇ ಪಕ್ಕಕ್ಕೆ ಸರಿದ ಆ ನಡೆಯನ್ನು ಓದಿದಾಗ ಮೇಷ್ಟ್ರು “ಹಾ” ಎಂದದ್ದು ನೆನಪಿದೆ. ಕುರುಡು ಕಣ್ಣುಗಳನ್ನು ಮುಚ್ಚಿಕೊಂಡು ಆಲಿಸುವುದು ಅವರ ಅಭ್ಯಾಸವಾಗಿತ್ತು.

ಅಲ್ಲಿಂದ ಮುಂದೆ ಎರಡು ಪಯಣಗಳು ಎದುರುಬದುರಾಗಿ ನಡೆಯುತ್ತವೆ. ಒಂಟೆ ಬಿ7ರಿಂದ ಜಿ2ಕ್ಕೆ ಹಾರಿ ಚೆಕ್ ಕೊಡುತ್ತದೆ. ಅಲ್ಲಿಂದ ಎಚ್3, ಜಿ4, ಎಫ್5, ಮತ್ತೆ ಎಚ್3, ಮತ್ತೆ ಎಫ್5, ಕೊನೆಗೆ ಬಿ1. ಮನೆಯಿಂದ ಹೊರಟ ಮೊದಲ ನಡೆಯನ್ನೂ ಸೇರಿಸಿದರೆ ಎಂಟು ನಡೆಗಳು. ಅತ್ತ ಬಿಳಿಯ ರಾಜ ಕೋಟೆ ಬಿಟ್ಟು ಹೊರಡುತ್ತಾನೆ. ಎಫ್1, ಇ1, ಡಿ2, ಸಿ2, ಬಿ3, ಎ2, ಎ1, ಮರಳಿ ಎ2. ಅವೂ ಎಂಟು ಹೆಜ್ಜೆಗಳು. ಬಲಬದಿಯ ಅರಮನೆಯಲ್ಲಿದ್ದವನು ಹಲಗೆಯನ್ನು ಅಡ್ಡಲಾಗಿ ದಾಟಿ ಎಡತುದಿಯ ಮೂಲೆಗೆ ತಲಪುತ್ತಾನೆ. ದಾರಿಯಲ್ಲಿ ಅವನ ಮಂತ್ರಿ ಅವನ ಕಣ್ಣೆದುರಿಗೇ ಕಟ್ಟುಬಿದ್ದು ಕಪ್ಪು ಆನೆಯ ಪಾಲಾಗುತ್ತದೆ. ಈ ನಡುವೆ ಒಂದು ಬಿಳಿಯ ಕಾಲಾಳು ಮಾತ್ರ ಯಾರ ಮಾತನ್ನೂ ಕೇಳದೆ ಮುನ್ನಡೆಯುತ್ತಿರುತ್ತದೆ: ನಾಲ್ಕನೆಯ ಮನೆ, ಐದನೆಯದು, ಆರನೆಯದು, ಏಳನೆಯದು. ಇನ್ನೊಂದೇ ಹೆಜ್ಜೆ ಇಟ್ಟರೆ ಅದು ಮಂತ್ರಿಯಾಗಬೇಕು. ಆದರೆ ಕಪ್ಪು ಮಂತ್ರಿ ಚೆಕ್ ಮೇಲೆ ಚೆಕ್ ಕೊಡುತ್ತ ಆ ಒಂದು ಹೆಜ್ಜೆಗೆ ಬಿಡುವನ್ನೇ ಕೊಡುವುದಿಲ್ಲ. ನಲವತ್ತೊಂದನೆಯ ನಡೆಗೆ ಕ್ರಾಮ್ನಿಕ್ ಸೋಲೊಪ್ಪಿದರು.

ಓದು ಮುಗಿದ ಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಬಳಿಕ ಎಲ್ಲರೂ ಒಟ್ಟಿಗೆ ಮಾತಾಡಿದರು. ಔಷಧದ ಅಂಗಡಿಯವರಿಗೆ ಭಾರತ ಗೆದ್ದಿತೆಂಬುದೇ ಸಾಕಾಗಿತ್ತು, ಅವರು ಎಲ್ಲರಿಗೂ ಕಡಲೆಕಾಯಿ ಕೊಡಿಸಿದರು. ತಕರಾರು ತೆಗೆದವನು ಎಂಜಿನಿಯರ್. “ಇದು ಹಲಗೆ ಮೇಲೆ ಹೊಳೆದ ಆಟ ಅಲ್ಲ ಸಾರ್, ಮನೇಲಿ ಕಂಪ್ಯೂಟರ್ ಇಟ್ಕೊಂಡು ಮಾಡಿದ ತಯಾರಿ. ಹದಿನಾಲ್ಕನೇ ನಡೆ ಆನಂದ್ ಟೀಮಿನವರು ತಿಂಗಳುಗಟ್ಟಲೆ ಕೂತು ಹುಡುಕಿದ್ದು. ಇದರಲ್ಲಿ ಪ್ರತಿಭೆ ಎಲ್ಲಿ ಬಂತು?” ಎಂಬುದು ಅವನ ವಾದ. ಬ್ಯಾಂಕಿನವರು ಅದಕ್ಕೆ 1995ರ ಉದಾಹರಣೆ ಕೊಟ್ಟರು. ಆ ವರ್ಷ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ 107ನೆಯ ಮಹಡಿಯಲ್ಲಿ ಕಾಸ್ಪರೋವ್ ಮತ್ತು ಆನಂದ್ ಆಡಿದರು. ಮೊದಲ ಎಂಟು ಆಟ ಸಮ. ಒಂಬತ್ತನೆಯದನ್ನು ಆನಂದರು ಗೆದ್ದರು. ಹತ್ತನೆಯದರಲ್ಲಿ ಕಾಸ್ಪರೋವ್ ಮೂಲೆಯ ಆನೆಯನ್ನೇ ಬಿಟ್ಟುಕೊಟ್ಟು ಆನಂದರನ್ನು ಪುಡಿಮಾಡಿದರು. ಅದೂ ಮನೆಯಲ್ಲೇ ಸಿದ್ಧವಾಗಿದ್ದ ಆಕ್ರಮಣ; ಅದರ ಮೂಲವು ತಾಲ್ ಹಿಂದೆಯೇ ಸೂಚಿಸಿದ್ದ ಒಂದು ನಡೆ. ಅಂದು ಎದುರಾಳಿಯ ತಯಾರಿಯ ಕೆಳಗೆ ಸಿಕ್ಕಿದವರು ಇಂದು ತಯಾರಿಯಿಂದಲೇ ಗೆದ್ದರೆ ಅದು ಕಲಿತದ್ದರ ಫಲವೇ ಹೊರತು ವಂಚನೆಯಲ್ಲ ಎಂದು ಬ್ಯಾಂಕಿನವರು ವಾದಿಸಿದರು. ನನ್ನ ಅಭಿಪ್ರಾಯವೂ ಅದೇ. ನಮ್ಮ ಆಲಂಕಾರಿಕರು ಕಾವ್ಯಕ್ಕೆ ಪ್ರತಿಭೆಯೊಂದೇ ಸಾಕೆಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ವ್ಯುತ್ಪತ್ತಿ, ಅಭ್ಯಾಸಗಳನ್ನೂ ಪಕ್ಕದಲ್ಲಿ ಕೂರಿಸಿದರು. ಪಂಪನು ವ್ಯಾಸಭಾರತವನ್ನು ಓದಿಕೊಂಡೇ ಬರೆದನೆಂದು ಅವನ ಕಾವ್ಯವನ್ನು ಯಾರೂ ಕಡೆಗಣಿಸಿಲ್ಲ.

ಮೇಷ್ಟ್ರು ಈ ಜಗಳದಲ್ಲಿ ಸೇರಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಕೇಳಿದ್ದು ಬೇರೆಯದೇ ಪ್ರಶ್ನೆ. “ಆ ರಾಜ ಯಾಕೆ ಅಷ್ಟು ದೂರ ನಡೆದ?”

“ಚೆಕ್ ಕೊಟ್ಟರಲ್ಲ ಮೇಷ್ಟ್ರೇ, ನಡೆಯಲೇಬೇಕಾಯಿತು” ಎಂದೆ.

“ಅದಲ್ಲ. ನಡೀತಾ ನಡೀತಾ ಇದ್ದಾಗಲೂ ಆ ಕಾಲಾಳನ್ನ ಮುಂದೆ ತಳ್ಳಿದ್ದಾನೆ, ನೋಡಿ. ಮಂತ್ರಿ ಹೋಗ್ತಾನೆ ಅಂತ ಗೊತ್ತು, ಆದರೂ ತಳ್ಳಿದ. ಎಂಥಾ ಛಲ! ನೀವೆಲ್ಲ ಗೆದ್ದವನ ಕಡೆ ಕೂತಿದ್ದೀರಿ. ನನಗೆ ಕಂಡಿದ್ದು ಇವನೇ.”

ಛಲವೆಂಬ ಮಾತು ಕಿವಿಗೆ ಬಿದ್ದೊಡನೆ ಹಳಗನ್ನಡದ ವಿದ್ಯಾರ್ಥಿಯ ಮನಸ್ಸು ಎಲ್ಲಿಗೆ ಹೋಗುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. ರನ್ನನು ತನ್ನ ಕಾವ್ಯಕ್ಕೆ ಇಟ್ಟ ಹೆಸರು ‘ಸಾಹಸಭೀಮವಿಜಯ’. ಭೀಮನಲ್ಲಿ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಕಂಡು ಬರೆದ ವಿಜಯದ ಕಾವ್ಯ ಅದು. ಆದರೆ ‘ಗದಾಯುದ್ಧ’ವೆಂದು ನಾವು ಕರೆಯುವ ಆ ಕಾವ್ಯದಿಂದ ತರಗತಿಯಲ್ಲಿ ನೆನಪುಳಿಯುವುದು ಏನು? ಸಂಜಯನ ಕೈಹಿಡಿದು ಹೆಣಗಳ ನಡುವೆ ದುರ್ಯೋಧನ ನಡೆಯುವ ದಾರಿ. ದ್ರೋಣನ ಬಳಿ, ದುಶ್ಶಾಸನನ ಬಳಿ, ಕರ್ಣನ ಬಳಿ ಅವನು ನಿಲ್ಲುವ ನಿಲುಗಡೆಗಳು, ಶತ್ರುವಿನ ಮಗ ಅಭಿಮನ್ಯುವನ್ನೂ ಮೆಚ್ಚುವ ದೊಡ್ಡತನ, ಕೊನೆಗೆ ವೈಶಂಪಾಯನ ಸರೋವರ. ಗೆದ್ದವನ ಹೆಸರಿನ ಕಾವ್ಯದಲ್ಲಿ ಸೋಲುವವನ ಕಾಲ್ನಡಿಗೆಯೇ ಹೆಚ್ಚು ಜಾಗ ಹಿಡಿಯುತ್ತದೆ. ಇದು ಕವಿಯ ಉದ್ದೇಶವೋ ಕಾವ್ಯದ ಹಟವೋ ಎಂಬ ಚರ್ಚೆ ಕನ್ನಡದಲ್ಲಿ ಸಾಕಷ್ಟು ನಡೆದಿದೆ. ಅದನ್ನು ಇಲ್ಲಿ ಕೆದಕುವುದಿಲ್ಲ. ಭೀಮನ ಗದೆಯ ಪೆಟ್ಟು ಎಷ್ಟು ಭಾರವಾಗಿತ್ತೆಂಬುದನ್ನು ನಾವು ಅಳೆಯುವುದು ಅದನ್ನು ತಾಳಿಕೊಂಡವನ ಎತ್ತರದಿಂದ ಎಂಬುದಷ್ಟೇ ನನಗಿಲ್ಲಿ ಬೇಕಾದ ಅಂಶ. ಬಿಳಿಯ ರಾಜ ಮೊದಲ ಚೆಕ್‌ಗೇ ಕೈಚೆಲ್ಲಿದ್ದರೆ ಆನಂದರ ಒಂಟೆಗೆ ಎಂಟು ನಡೆಗಳ ಕಾವ್ಯ ಬರೆಯಲು ಹಲಗೆಯೇ ಸಿಗುತ್ತಿರಲಿಲ್ಲ.

ಅದೇ ಸಂಜೆ ಹುಟ್ಟಿದ ಇನ್ನೊಂದು ಚರ್ಚೆ ಒಂದು ಶಬ್ದದ ಕುರಿತದ್ದು. ಲಾಭದ ಆಸೆಯಿಂದ ಕಾಯಿಯನ್ನು ಬೇಕೆಂದೇ ಬಿಟ್ಟುಕೊಡುವುದಕ್ಕೆ ನಮ್ಮ ಪತ್ರಿಕೆಗಳು ‘ಬಲಿ’ ಎನ್ನುತ್ತವೆ: ಕುದುರೆ ಬಲಿ, ಆನೆ ಬಲಿ. ನನಗೆ ಆ ಮಾತು ಒಗ್ಗುವುದಿಲ್ಲ. ಮರದ ಕಾಯಿಗೆ ಜೀವವೆಲ್ಲಿದೆ ಎಂದು ಎಂಜಿನಿಯರ್ ನಕ್ಕ. ಜನ್ನನ ‘ಯಶೋಧರಚರಿತೆ’ಯನ್ನು ಓದಿದವರಿಗೆ ಆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ, ಅಲ್ಲಿ ಕೊಂದದ್ದು ಹಿಟ್ಟಿನ ಕೋಳಿಯನ್ನು, ಅನುಭವಿಸಿದ್ದು ಜನ್ಮಜನ್ಮಾಂತರಗಳ ದುಃಖವನ್ನು. ಹಾಗೆಂದು ಚದುರಂಗದ ಆಟಗಾರರಿಗೆಲ್ಲ ಸಂಕಲ್ಪಹಿಂಸೆಯ ದೋಷ ಅಂಟಿಸುವಷ್ಟು ಅರಸಿಕ ನಾನಲ್ಲ. ‘ತ್ಯಾಗ’ವೆನ್ನೋಣವೇ ಎಂದರೆ ಮೇಷ್ಟ್ರು ಒಪ್ಪಲಿಲ್ಲ. “ತ್ಯಾಗ ಮಾಡಿದವನು ವಾಪಸು ಏನೂ ಕೇಳೋದಿಲ್ಲ. ಇವನು ಬಡ್ಡಿ ಸಮೇತ ಕೇಳ್ತಾನೆ.” ಬ್ಯಾಂಕಿನವರು ‘ಹೂಡಿಕೆ’ ಎಂದು ಸೂಚಿಸಿ ನಮ್ಮೆಲ್ಲರ ನಗೆಗೆ ಈಡಾದರು. ಇಂದಿಗೂ ಅದಕ್ಕೊಂದು ತಕ್ಕ ಕನ್ನಡ ಮಾತು ನನಗೆ ಸಿಕ್ಕಿಲ್ಲ.

ಎರಡು ದಿನ ಬಿಟ್ಟು, ಐದನೆಯ ಆಟದಲ್ಲಿ, ಅಂದರೆ 20ನೆಯ ತಾರೀಖು, ಕ್ರಾಮ್ನಿಕ್ ಮತ್ತೆ ಬಿಳಿಯ ಕಾಯಿಯಲ್ಲಿ ಕುಳಿತು ಅದೇ ಮೆರಾನ್ ದಾರಿಗೆ ಬಂದರು. ಸೋತ ಬೀದಿಯಲ್ಲೇ ಮತ್ತೆ ನಡೆದದ್ದು ಮೇಷ್ಟ್ರಿಗೆ ತಮ್ಮ ವಾದದ ಸಾಕ್ಷಿಯಾಗಿ ಕಂಡಿತು. ಆ ಆಟವೂ ಆನಂದರದೇ ಆಯಿತು, 35 ನಡೆಗಳಲ್ಲಿ. ಒಂದು ಕಾಲಾಳನ್ನು ಕಬಳಿಸಬಹುದೆಂದು ಕ್ರಾಮ್ನಿಕ್ ಕೈಚಾಚಿದರು. ಆರು ನಡೆಗಳಾಚೆ ಒಂದು ಕುದುರೆ ಇ3ಕ್ಕೆ ನೆಗೆದು ಕಾದಿತ್ತು. ಆ ಕುದುರೆಯನ್ನು ಹೊಡೆದರೆ ಕಾಲಾಳೊಂದು ಮಂತ್ರಿಯಾಗಲು ದಾರಿ ತೆರೆಯುತ್ತದೆ. ಇದು ಮೂರನೆಯ ಆಟಕ್ಕಿಂತ ಅಚ್ಚುಕಟ್ಟಾದ ಆಟ. ಎಂಜಿನಿಯರನಿಗೂ ಬ್ಯಾಂಕಿನವರಿಗೂ ಇದೇ ಹೆಚ್ಚು ಹಿಡಿಸಿತು. ನನಗೆ ಮೂರನೆಯದೇ ಮೇಲೆನಿಸಿತು, ಈಗಲೂ ಅನಿಸುತ್ತದೆ. ಪಂದ್ಯವನ್ನು ಆನಂದರು ಆರೂವರೆ-ನಾಲ್ಕೂವರೆಯಿಂದ ಗೆದ್ದರು.

ಅಚ್ಚುಕಟ್ಟಿಗಿಂತ ಮೇಲಾದದ್ದು ಯಾವುದು ಎಂಬುದಕ್ಕೆ ಉತ್ತರ ಕೊಡಲು ನಾನು ಸ್ವಲ್ಪ ಸುತ್ತಿ ಬರಬೇಕು. ಚದುರಂಗದ ಹಲಗೆಯನ್ನು ನಮ್ಮವರು ಗ್ರಂಥವಾಗಿ ಬಳಸಿದ ಪರಂಪರೆ ಹಳೆಯದು. 9ನೆಯ ಶತಮಾನದ ಕಾಶ್ಮೀರದ ರುದ್ರಟನು ‘ಕಾವ್ಯಾಲಂಕಾರ’ದಲ್ಲಿ ತುರಗಪದ ಬಂಧವನ್ನು ಕೊಡುತ್ತಾನೆ. ಎಂಟೆಂಟು ಅಕ್ಷರದ ನಾಲ್ಕು ಪಾದಗಳನ್ನು ಅರ್ಧ ಹಲಗೆಯ 32 ಮನೆಗಳಲ್ಲಿ ತುಂಬಿ ಕುದುರೆಯ ನಡೆಯಲ್ಲಿ ಓದಿದರೆ ಅದೇ ಶ್ಲೋಕ ಮರಳಿ ಬರುತ್ತದೆ. ಆ ಗ್ರಂಥಕ್ಕೆ 11ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ನಮಿಸಾಧು ಜೈನ ಯತಿ. ರುದ್ರಟನನ್ನು ಓದುವವರಿಗೆ ಇಂದಿಗೂ ಅವನೇ ಕೈದೀವಿಗೆ. ಕರ್ನಾಟಕದಲ್ಲಿ ಈ ವಿದ್ಯೆಯ ಶಿಖರ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡ ಮೇಲೆ ಅರಸನ ಹೆಸರು ಮಾತ್ರ ಉಳಿದ ಆ ದೊರೆ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗಾಗಿಯೇ ಮೀಸಲಿಟ್ಟರು. ಕುದುರೆಯೊಂದು ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟಿ ಹಲಗೆ ಸುತ್ತುವ ಒಗಟುಗಳನ್ನು ರಚಿಸಿದರು. ಅವರ 12×12 ಮನೆಗಳ ಒಂದು ರಚನೆಯಲ್ಲಿ ಕುದುರೆಯ ಹೆಜ್ಜೆಗಳಿಗೆ ಕೊಟ್ಟ ಸಂಖ್ಯೆಗಳನ್ನು ಅಡ್ಡ, ಉದ್ದ ಹೇಗೆ ಕೂಡಿದರೂ ಮೊತ್ತ ಒಂದೇ. ಗಣಿತದ ದೃಷ್ಟಿಯಿಂದ ಇದು ಬೆರಗು.

ಆದರೆ ಈ ಬಂಧಗಳಲ್ಲಿ ಎದುರಾಳಿಯಿಲ್ಲ. ಖಾಲಿ ಹಲಗೆಯ ಮೇಲೆ ಒಂದೇ ಕುದುರೆ. ಅಲ್ಲಿ ದೋಷವೂ ಇಲ್ಲ, ಏಕೆಂದರೆ ಒಂದು ದೋಷವಿದ್ದರೆ ರಚನೆಯೇ ಇಲ್ಲ. ಆನಂದವರ್ಧನನ ಮಾರ್ಗದವರು ಚಿತ್ರಕಾವ್ಯವನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದ್ದನ್ನು ವಿದ್ಯಾರ್ಥಿದಶೆಯಲ್ಲಿ ನಾನು ಪಂಡಿತರ ಬಿಗುಮಾನವೆಂದು ಭಾವಿಸಿದ್ದೆ. ಮೇಷ್ಟ್ರ ಜೊತೆ ಕುಳಿತು ಬಾನ್ ಆಟವನ್ನು ಮತ್ತೆ ಮತ್ತೆ ಓದಿದ ಮೇಲೆ ಆ ಶ್ರೇಣಿಯ ಹಿಂದಿನ ಅನುಭವ ಏನಿರಬಹುದೆಂದು ಹೊಳೆಯತೊಡಗಿತು. ಎದುರು ನಿಂತು ಬೇಡವೆನ್ನುವ ಇನ್ನೊಂದು ಮನಸ್ಸಿಲ್ಲದ ಕಡೆ ಬೆರಗು ಹುಟ್ಟಬಹುದು, ರಸ ಹುಟ್ಟಲಾರದು.

ಮಾಸ್ಕೋದಲ್ಲಿ 1960ರ ಮಾರ್ಚ್ ತಿಂಗಳಲ್ಲಿ ನಡೆದ ಪ್ರಸಂಗವನ್ನು ನೋಡಿ. ವಿಶ್ವ ಚಾಂಪಿಯನ್ ಬೋತ್ವಿನ್ನಿಕ್ ಎದುರು 23ರ ತರುಣ ಮಿಖಾಯಿಲ್ ತಾಲ್. ಆರನೆಯ ಆಟದ ಇಪ್ಪತ್ತೊಂದನೆಯ ನಡೆಯಲ್ಲಿ ತಾಲ್ ಕಪ್ಪು ಕುದುರೆಯನ್ನು ಎಫ್4ರಲ್ಲಿ ಬಿಟ್ಟುಕೊಟ್ಟರು. ರಂಗಮಂದಿರದಲ್ಲಿ ನೆರೆದಿದ್ದ ಪ್ರೇಕ್ಷಕರು ಸುಮ್ಮನೆ ಕೂರಲಾರದೆ ಹೋದರು. ಕೊಟ್ಟದ್ದು ಸರಿಯೋ ತಪ್ಪೋ ಎಂದು ಅಕ್ಕಪಕ್ಕದವರೊಡನೆ ವಾದಿಸತೊಡಗಿದರು. ಗದ್ದಲ ಅಡಗಲಿಲ್ಲ, ಕೊನೆಗೆ ಆಟಗಾರರಿಬ್ಬರನ್ನೂ ವೇದಿಕೆಯ ಹಿಂದಿನ ಕೊಠಡಿಗೆ ಕರೆದೊಯ್ದು ಅಲ್ಲಿ ಆಡಿಸಬೇಕಾಯಿತು. ಗೆದ್ದವರು ತಾಲ್. ಬೋತ್ವಿನ್ನಿಕ್ ಸರಿಯಾದ ಉತ್ತರಗಳನ್ನು ಕೊಟ್ಟಿದ್ದರೆ ಆ ಕುದುರೆಯ ಸಾಹಸ ಫಲಿಸಬೇಕಾಗಿರಲಿಲ್ಲವೆಂದು ಮುಂದಿನ ವಿಶ್ಲೇಷಣೆಗಳು ತೋರಿಸಿದವು. ಆದರೂ ಆ ಆಟ ಸಂಕಲನಗಳಿಂದ ಬಿದ್ದುಹೋಗಲಿಲ್ಲ. ಆಟಗಾರರನ್ನು ಹೊರಕ್ಕೆ ಕಳುಹಿಸಿ ಪ್ರೇಕ್ಷಕರು ಸಭಾಂಗಣವನ್ನು ಉಳಿಸಿಕೊಂಡ ಆ ದೃಶ್ಯವನ್ನು ನೆನೆದಾಗಲೆಲ್ಲ ನನಗೆ ನಗುವೂ ಅಸೂಯೆಯೂ ಒಟ್ಟಿಗೇ ಬರುತ್ತವೆ. ಒಂದು ಪದ್ಯಕ್ಕಾಗಿ ಹಾಗೆ ಗದ್ದಲವೆಬ್ಬಿಸುವ ತರಗತಿ ನನಗೆ ಎಂದೂ ಸಿಗಲಿಲ್ಲ.

ಬಾನ್ ಆಟಕ್ಕೂ ಅಂಥ ಒಂದು ಕಲೆ ಇದೆ. ಮೂವತ್ತಮೂರನೆಯ ನಡೆ. ಬಿಳಿಯ ಒಂಟೆ ಅಡ್ಡ ಬಂದಾಗ ಆನಂದರು ಅದನ್ನು ತಮ್ಮ ಒಂಟೆಯಿಂದ ಹೊಡೆದಿದ್ದರೆ ಗೆಲುವು ನೇರವಾಗಿತ್ತು. ಅವರು ಹೊಡೆಯದೆ ಒಂಟೆಯನ್ನು ಎಚ್3ಕ್ಕೆ ಹಿಂದೆ ಸರಿಸಿದರು. ಗಡಿಯಾರ ಇಬ್ಬರನ್ನೂ ಅಟ್ಟುತ್ತಿದ್ದ ಹೊತ್ತು; ನಲವತ್ತು ನಡೆಗಳನ್ನು ಗೊತ್ತಾದ ಅವಧಿಯೊಳಗೆ ಮುಗಿಸಬೇಕು. ಇದು ದೋಷವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಓದುಗರು ಆ ನಡೆಯನ್ನು ತೆಗೆದು ನೋಡಲಿ. ಮಂತ್ರಿ ಕಟ್ಟುಬೀಳುವುದಿಲ್ಲ, ರಾಜ ಮೂಲೆಯವರೆಗೆ ನಡೆಯುವುದಿಲ್ಲ, ಕಾಲಾಳು ಏಳನೆಯ ಮನೆ ತಲಪುವುದಿಲ್ಲ. ನಾವು ಕೊಂಡಾಡುವ ಉತ್ತರಾರ್ಧವೆಲ್ಲ ಆ ಒಂದು ದೋಷದ ಮಗು. ದಂಡಿಯು ಕಾವ್ಯದೋಷಗಳನ್ನು ಎಣಿಸುವಾಗ ಯಾವ ಸಂದರ್ಭದಲ್ಲಿ ದೋಷವು ದೋಷವಲ್ಲವೆಂಬುದನ್ನೂ ಜೊತೆಗೇ ಹೇಳುತ್ತಾನೆ. ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರಿನಲ್ಲೇ ದೋಷ, ಅದೋಷಗಳೆರಡೂ ಇವೆ. ಆ ನಡೆಯ ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಬೇಕೆಂದು ಎಂಜಿನಿಯರ್ ಹಟ ಹಿಡಿದ. ಆಟವನ್ನು ಕನ್ನಡದಲ್ಲಿ ನಾನು ಬರೆದಿಟ್ಟುಕೊಂಡಿದ್ದ ನೋಟುಪುಸ್ತಕದಲ್ಲಿ ಹಾಕಿದೆ. ಮೇಷ್ಟ್ರು ಅದರ ಕೆಳಗೆ “ದಾರಿ ತಪ್ಪಿದ್ದರಿಂದ ಊರು ಕಂಡಿತು” ಎಂದು ಬರೆಸಿದರು.

ಮೇಷ್ಟ್ರು ಈಗಿಲ್ಲ. ಗುಂಪೂ ಚೆದುರಿದೆ. ಇತ್ತೀಚೆಗೆ ಅವರ ಮೊಮ್ಮಗ, ಹದಿನಾರು ವರ್ಷದ ಹುಡುಗ, ನಮ್ಮ ಮನೆಗೆ ಬಂದಿದ್ದ. ಗುಕೇಶ್, ಪ್ರಜ್ಞಾನಂದರ ಕಾಲದವನು; 2008ರ ಆಟ ಅವನ ಪಾಲಿಗೆ ಶಾಸನವಿದ್ದಂತೆ. ಫೋನಿನಲ್ಲಿ ಆಟವನ್ನು ತೆರೆದು ನನಗೆ ತೋರಿಸಿದ. ಹಲಗೆಯ ಪಕ್ಕದಲ್ಲಿ ಒಂದು ಕಪ್ಪು-ಬಿಳುಪಿನ ಪಟ್ಟಿ. ಪ್ರತಿ ನಡೆಗೂ ಅದು ಏರುತ್ತಿಳಿಯುತ್ತ ಯಾರು ಎಷ್ಟು ಮುಂದಿದ್ದಾರೆಂದು ಸಂಖ್ಯೆಯಲ್ಲಿ ಸಾರುತ್ತದೆ. ಹುಡುಗನ ಕಣ್ಣು ಕಾಯಿಗಳಿಗಿಂತ ಆ ಪಟ್ಟಿಯ ಮೇಲೆಯೇ ಇತ್ತು. “ಇಲ್ಲಿ ಇಬ್ಬರೂ ತಪ್ಪು ಮಾಡಿದ್ದಾರೆ ತಾತ. ಅಷ್ಟೇನೂ ಒಳ್ಳೆ ಆಟ ಅಲ್ಲ” ಎಂದು ತೀರ್ಪು ಕೊಟ್ಟ. ಯಂತ್ರದ ಎಣಿಕೆಯನ್ನು ನಾನು ಅಲ್ಲಗಳೆಯುವವನಲ್ಲ. ಹಸ್ತಪ್ರತಿಗಳ ಪಾಠಾಂತರ ನೋಡಿ ಜೀವನ ಕಳೆದವನಿಗೆ ತಪ್ಪನ್ನು ತಪ್ಪೆಂದು ಗುರುತಿಸುವವರ ಮೇಲೆ ಗೌರವವೇ ಇರುತ್ತದೆ. ಆದರೆ ಶುದ್ಧಪಾಠವನ್ನು ನಿರ್ಧರಿಸಿದ ಮೇಲೆಯೇ ಓದು ಶುರುವಾಗುವುದು. ಪಟ್ಟಿ ನೋಡಿದವನಿಗೆ ಓದು ಅಲ್ಲಿಗೇ ಮುಗಿದಿರುತ್ತದೆ.

ಫೋನನ್ನು ಮಗುಚಿಟ್ಟು ಮರದ ಹಲಗೆ ತೆಗೆದೆ. ನೋಟುಪುಸ್ತಕದಿಂದ ನಾನು ಓದುತ್ತ ಹೋದೆ, ಹುಡುಗ ಕಾಯಿ ನಡೆಸಿದ. ‘ಒಂಟೆ’ ಎಂದಾಗ ಮೊದಮೊದಲು ಅವನ ಕೈ ತಡವರಿಸುತ್ತಿತ್ತು. ಕಪ್ಪು ರಾಜ ಎಚ್6ಕ್ಕೆ ಬಂದಾಗ ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿದ. ಮೂವತ್ತಮೂರನೆಯ ನಡೆಯನ್ನು ಯಾವ ತಕರಾರಿಲ್ಲದೆ ಆಡಿದ. ನಲವತ್ತನೆಯ ನಡೆಗೆ ಬಂದೆವು. ಕಪ್ಪು ಮಂತ್ರಿ ಸಿ4ರಿಂದ ಚೆಕ್ ಕೊಟ್ಟಿದೆ. ಮೇಲಿನ ಮನೆಯನ್ನು ಆ ಮಂತ್ರಿ ಕಾಯುತ್ತಿದೆ, ಪಕ್ಕದ ಕೆಳಮನೆಯನ್ನು ದೂರದ ಎಫ್5ರಿಂದ ಒಂಟೆ ಕಾಯುತ್ತಿದೆ, ಎದುರಿಗೆ ತನ್ನದೇ ಆನೆ ದಾರಿಗಡ್ಡ ನಿಂತಿದೆ. ರಾಜನಿಗೆ ಹೋಗಲು ಉಳಿದದ್ದು ಮೂಲೆಯ ಮನೆಯೊಂದೇ. ಕಾಲಾಳು ಏಳನೆಯ ಮನೆಯಲ್ಲಿ ಕಾಯುತ್ತಿದೆ.

ಹುಡುಗ ರಾಜನನ್ನು ಬೆರಳಲ್ಲಿ ಹಿಡಿದವನು ಕೆಳಗಿಡಲಿಲ್ಲ. “ಇಷ್ಟು ಹೊತ್ತಿಗೆ ಇವರಿಗೆ ಗೊತ್ತಿತ್ತಾ ತಾತ, ಸೋಲ್ತೀನಿ ಅಂತ?” ಎಂದು ಕೇಳಿದ.

ನಿನ್ನ ಅಜ್ಜ ಅದರ ಬಗ್ಗೆ ಒಂದು ವಾರ ಮಾತಾಡಿದ್ದರು ಎಂದೆ. ನೋಟುಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋದ. ತಿಂಗಳಾಯಿತು, ಇನ್ನೂ ಹಿಂದಿರುಗಿಸಿಲ್ಲ.